ಮೊದಲು ಮೂಸು, ಆಮೇಲೆ ಬರೆ

ಫೆಬ್ರವರಿ 4

ಮೂಗುಬೊಟ್ಟಿಗೆ, ಮಾವನ ಆಶೀರ್ವಾದ.

ಮೊದಲು ಕೈಯಲ್ಲಿರುವ ಕಸಿ ಚಾಕುವನ್ನು ಕೆಳಗಿಡು. ಇಟ್ಟೆಯಾ? ಈಗ ಓದು. ನಮ್ಮ ಪ್ರೆಸ್ಸಿನ ಯಜಮಾನಿ ಈ ಸಲದ ವಸಂತದ ಪುಸ್ತಕವನ್ನು ಇಡಿಯಾಗಿ ನನಗೇ ಬಿಟ್ಟುಕೊಟ್ಟಿದ್ದಾರೆ! ಹತ್ತೊಂಬತ್ತು ವರ್ಷ ಬೇರೆಯವರ ಪದ್ಯಗಳ ಕರಡು ತಿದ್ದುತ್ತಾ, ನಡುವೆ ನನ್ನವು ನಾಲ್ಕೈದನ್ನು ತೂರಿಸುತ್ತಾ ಬಂದವನು ನಾನು. ಈ ಸಲ ಅರವತ್ತಕ್ಕೆ ಅರವತ್ತೂ ನನ್ನವೇ. ವಸಂತದ ಎರಡು ತಿಂಗಳು, ದಿನಕ್ಕೊಂದು ಪದ್ಯ, ಒಂದೊಂದೂ ನಾಲ್ಕು ಸಾಲು ಮೀರಬಾರದು. ಅಂಗೈಯಗಲದ ಪುಸ್ತಕ, ಜೇಬಿನಲ್ಲಿಟ್ಟುಕೊಂಡು ಓಡಾಡಬಹುದು.

ಹೆಸರೇನು ಗೊತ್ತೇ? 'ಘಮ'. ಯಜಮಾನಿಯೇ ಇಟ್ಟರು. "ನಿಮ್ಮ ಪದ್ಯ ಓದಿದ್ರೆ ಮೂಗಿಗೆ ಹೂವು ಬಡಿಯುತ್ತೆ ಸಾರ್. ಬೇರೆಯವರದ್ದು ಓದಿದ್ರೆ ನಿಘಂಟು ಬಡಿಯುತ್ತೆ" ಎಂದು ಇಡೀ ಪ್ರೆಸ್ಸಿನ ಮುಂದೆ ಹೇಳಿದರು. ಅಚ್ಚಿನ ಮೊಳೆ ಜೋಡಿಸುವವನು ನಕ್ಕ, ಬೈಂಡಿಂಗ್ ಹೆಂಗಸರು ಚಪ್ಪಾಳೆ ತಟ್ಟಿದರು, ನಾನು ಕನ್ನಡಕ ಒರೆಸಿಕೊಳ್ಳುವ ನೆಪದಲ್ಲಿ ತಲೆ ಬಗ್ಗಿಸಿದೆ. ಎರಡು ಸಾವಿರ ಮುಖಪುಟ ಆಗಲೇ ಅಚ್ಚಾಗಿ ಒಣಗುತ್ತಿವೆ. ಮಾರ್ಚ್ 28ಕ್ಕೆ ಕೊನೆಯ ಪದ್ಯ ಯಂತ್ರ ಸೇರಬೇಕು.

ಈಗ ನಿನ್ನಿಂದ ಒಂದು ಉಪಕಾರ ಆಗಬೇಕು. ನನ್ನ ಮಂಡಿ ಕೈಕೊಟ್ಟಿದೆ. ಪ್ರೆಸ್ಸು, ಮನೆ, ಅಷ್ಟೇ. ತೋಟ ಗೀಟ ಸುತ್ತಲು ಆಗುವುದಿಲ್ಲ. ನೀನು ದಿನವಿಡೀ ಗಿಡಗಳ ನಡುವೆಯೇ ಇರುವವಳು. ಬೆಳಗ್ಗೆ ನರ್ಸರಿಯ ಗೇಟು ತೆಗೆದಾಗ ಮೊದಲು ಮೂಗಿಗೆ ಏನು ಬಡಿಯುತ್ತದೆ, ಮಧ್ಯಾಹ್ನ ಏನು, ಸಂಜೆ ಏನು, ಎಲ್ಲಾ ಬರೆದು ಕಳಿಸು. ಅಲಂಕಾರ ಬೇಡ, ಇದ್ದದ್ದು ಇದ್ದ ಹಾಗೆ ಬರೆ. ಫೋನು ಮಾಡಬೇಡ. ಫೋನಿನಲ್ಲಿ ಆಡಿದ ಮಾತನ್ನು ತಿದ್ದಲು ಆಗುವುದಿಲ್ಲ, ನನಗೆ ಅದು ಸರಿಬರುವುದಿಲ್ಲ.

ಇತಿ, ನಿನ್ನ ಮಾವ


ಫೆಬ್ರವರಿ 9

ಮಾವ, ನಮಸ್ಕಾರ.

ಚಾಕು ಕೆಳಗಿಟ್ಟೇ ಓದಿದೆ. ಆದರೂ ಕುಣಿದ ರಭಸಕ್ಕೆ ಒಂದು ಪಾಟು ಒಡೆಯಿತು. ನರ್ಸರಿ ಯಜಮಾನರು ಓಡಿಬಂದರು. "ನಮ್ಮ ಮಾವನ ಪುಸ್ತಕ ಬರ್ತಾ ಇದೆ ಸಾರ್" ಅಂದೆ. "ಒಂದು ಪುಸ್ತಕಕ್ಕೆ ಒಂದು ಪಾಟು, ಪರವಾಗಿಲ್ಲ. ಎರಡನೇದು ಬರೋದಾದ್ರೆ ಮೊದಲೇ ಹೇಳಮ್ಮ" ಅಂದರು.

ಆದರೆ ಮಾವ, ಇದೇನು ಹೊಸ ಕಥೆ? ಮೂಗು ನನ್ನದು, ಕೀರ್ತಿ ನಿಮ್ಮದೋ? ನಿಮ್ಮ ಮಂಡಿಗೆ ನೋವು ಬಂದದ್ದು ಯಾವಾಗ? ಹೋದ ವರ್ಷ ನನ್ನನ್ನು ಬಸ್ಸು ಹತ್ತಿಸಲು ನನಗಿಂತ ಮುಂದೆ ಓಡಿದವರು ನೀವು. ಹೋಗಲಿ ಬಿಡಿ. ಆದರೆ ನಾನು ಪದ್ಯ ಬರೆಯುವವಳಲ್ಲ, ಅದು ನಿಮಗೆ ಗೊತ್ತೇ ಇದೆ. ಹದಿನೈದು ವರ್ಷದವಳಿದ್ದಾಗ ನೋಟ್‌ಬುಕ್ಕಿನಲ್ಲಿ ಬರೆದ ಒಂದೇ ಒಂದು ಪದ್ಯದ ಮೇಲೆ ನೀವು ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು, 'ಕಾಗದದ ಹೂವಿಗೆ ವಾಸನೆ ಇಲ್ಲ. ಮೊದಲು ಮೂಸು, ಆಮೇಲೆ ಬರೆ' ಅಂತ ಗೀಚಿದಿರಿ. ಅವತ್ತಿನಿಂದ ಮೂಸುತ್ತಲೇ ಇದ್ದೇನೆ, ಬರೆಯುವುದು ಬಿಟ್ಟಿದ್ದೇನೆ. ಆದ್ದರಿಂದ ಪಟ್ಟಿ ಮಾತ್ರ ಕಳಿಸುತ್ತೇನೆ.

ಬೆಳಗ್ಗೆ ಏಳು: ನೆರಳಿನ ಪರದೆಯ ಕೆಳಗೆ ಕಾಲಿಟ್ಟರೆ ಒದ್ದೆ ಗೋಣಿಚೀಲದ ವಾಸನೆ. ಅದರ ಹಿಂದೆ ಪುದೀನ. ಯಾರೋ ನನಗಿಂತ ಮೊದಲು ಬಂದು ಅದರ ಮೇಲೆ ಕಾಲಿಟ್ಟಿದ್ದಾರೆ ಎಂದು ಅರ್ಥ.

ಹತ್ತು ಗಂಟೆ: ಗುಲಾಬಿಯ ಟೊಂಗೆ ಕತ್ತರಿಸಿದಾಗ ಹೂವಿನ ವಾಸನೆ ಬರುವುದಿಲ್ಲ ಮಾವ, ಎಳೆ ಸೌತೆಕಾಯಿ ಮುರಿದ ಹಾಗೆ ಬರುತ್ತದೆ.

ಹನ್ನೆರಡು: ಬಿಸಿಲಿಗೆ ಕಾದ ಮಣ್ಣಿನ ಪಾಟಿಗೆ ನೀರು ಬಿಟ್ಟರೆ ಥೇಟ್ ಮಳೆಯ ವಾಸನೆ. ಮೋಡವೇ ಇಲ್ಲ, ಆದರೂ ಎಲ್ಲರೂ ಒಮ್ಮೆ ತಲೆಯೆತ್ತಿ ನೋಡುತ್ತಾರೆ.

ನಾಲ್ಕು: ಮಲ್ಲಿಗೆ ಮೊಗ್ಗು. ಬೆಳಗಿನಿಂದ ಮೂಸಿದರೆ ಏನೂ ಇಲ್ಲ. ನಾಲ್ಕಾಯಿತೋ, ಒಂದು ಬಿರಿದರೆ ಸಾಕು, ಇಡೀ ಸಾಲಿಗೆ ಸುದ್ದಿ ಮುಟ್ಟುತ್ತದೆ.

ಐದೂವರೆ: ನನ್ನ ಕೈ. ನಿಂಬೆಯ ತೊಗಟೆ, ಕಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿ, ಮಣ್ಣು. ಎರಡು ಸಲ ಸೋಪು ಹಾಕಿದರೂ ಹೋಗುವುದಿಲ್ಲ.

ಸಾಕೇ? ಮಂಡಿಗೆ ಏನಾದರೂ ಹಚ್ಚಿಕೊಳ್ಳಿ.

ನಿಮ್ಮ ಮೂಗುಬೊಟ್ಟು


ಫೆಬ್ರವರಿ 15

ಮೂಗುಬೊಟ್ಟೇ,

ಸಾಕೇ ಎಂದು ಕೇಳುತ್ತೀಯಲ್ಲ! ಭೇಷ್! ನಿನ್ನ ಕಾಗದ ಬಂದ ಸಂಜೆ ಕೂತವನು ಏಳುವಷ್ಟರಲ್ಲಿ ಹನ್ನೊಂದು ಪದ್ಯ. ಎರಡು ತಿಂಗಳಿಂದ ಒಂದು ಸಾಲೂ ಹುಟ್ಟದೆ ಇಂಗು ತಿಂದ ಮಂಗನ ಹಾಗಿದ್ದೆ. ನೋಡು:

ಕಾದ ಪಾಟಿಗೆ ಒಂದು ಚೊಂಬು ನೀರು.
ಮಳೆ ಬಂತೆಂದು
ಇಡೀ ಬೀದಿಗೆ
ಸುಳ್ಳು ಸುದ್ದಿ.

ಇನ್ನೊಂದು:

ಮಲ್ಲಿಗೆ ಮೊಗ್ಗು
ಬೆಳಗಿನಿಂದ ಬಾಯಿ ಬಿಗಿದುಕೊಂಡಿದೆ.
ನಾಲ್ಕು ಗಂಟೆಯಾಗಲಿ,
ಎಲ್ಲ ಮನೆಯ ಗುಟ್ಟೂ ಬೀದಿಗೆ.

ಯಜಮಾನಿ ನಿಂತುಕೊಂಡೇ ಓದಿ, "ಸಾರ್, ಈ ಪುಸ್ತಕವನ್ನ ಅಂಗಡಿಯವರು ಅತ್ತರಿನ ಪಕ್ಕ ಇಡ್ತಾರೆ ನೋಡ್ತಾ ಇರಿ" ಎಂದರು. ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ.

ಇನ್ನೊಂದು ಕೆಲಸ ಇದೆ. ನಿಂಬೆ ಹೂವಿನ ಮೇಲೆ ಐದಾರು ಪದ್ಯ ಆಗಲೇಬೇಕು. ಅದಿಲ್ಲದೆ ನನ್ನ ಪುಸ್ತಕ ಪುಸ್ತಕವೇ ಅಲ್ಲ. ಆದರೆ ನಿನ್ನಮ್ಮ ನೆಟ್ಟ ನಮ್ಮ ಗೇಟಿನ ಬಳಿಯ ಮರ ಈ ವರ್ಷ ಏಕೋ ಮುನಿಸಿಕೊಂಡಿದೆ. ಒಂದು ಮೊಗ್ಗೂ ಬಿಟ್ಟಿಲ್ಲ. ನಿಮ್ಮಲ್ಲಿ ಹೂ ಬಂದಿದ್ದರೆ ನೆರಳಿನಲ್ಲಿ ಒಣಗಿಸಿ ಒಂದು ಪೊಟ್ಟಣದಲ್ಲಿ ಹಾಕಿ ಕಳಿಸು. ಜೊತೆಗೆ ಅದರ ವಾಸನೆ ಹೇಗಿದೆ ಎಂದು ನಿನ್ನ ಮಾತಿನಲ್ಲಿ ಬರೆ. ಎರಡನ್ನೂ ಹೋಲಿಸಿ ನೋಡಬೇಕು, ಅಷ್ಟೇ.

ಇತಿ, ನಿನ್ನ ಮಾವ


ಫೆಬ್ರವರಿ 20

ಮಾವ,

ಅವಸರದಲ್ಲಿ ಬರೆಯುತ್ತಿದ್ದೇನೆ. ಹೊರಗೆ ಲಾರಿ ನಿಂತಿದೆ, ನಾನೂರು ಸಸಿ ಏರಿಸಬೇಕು, ಮಾದರಿ ಪೊಟ್ಟಣಗಳನ್ನು ಗಿರಾಕಿಗಳಿಗೆ ಹಂಚಬೇಕು. ಒಣಗಿದ ನಿಂಬೆ ಹೂವು ಈ ಕಂದು ಪೊಟ್ಟಣದಲ್ಲಿದೆ, ಪಿನ್ನು ಹೊಡೆದಿದ್ದೇನೆ. ವಾಸನೆ ಹೇಗಿದೆ ಎಂದರೆ: ಮೊದಲು ಸಿಹಿ, ಅದರ ಒಳಗೆ ಒಂದು ಚೂರು ಕಹಿ, ಕೊನೆಗೆ ಅಮ್ಮ ಒಗೆದು ಬಿಸಿಲಿಗೆ ಹಾಕಿದ ದಿಂಬಿನ ಚೀಲದ ಹಾಗೆ. ನನಗೆ ಅದಕ್ಕಿಂತ ಚೆನ್ನಾಗಿ ಹೇಳಲು ಬರುವುದಿಲ್ಲ.

ಮರ ಹೂ ಬಿಡದಿದ್ದರೆ ಬುಡ ಅಗೆದು ಗಾಳಿ ಆಡಲು ಬಿಡಿ. ಆ ಮರ ಒಂದು ವರ್ಷವೂ ತಪ್ಪಿಸಿದ್ದಿಲ್ಲವಲ್ಲ?

ನಿಮ್ಮ ಮೂಗುಬೊಟ್ಟು


ಫೆಬ್ರವರಿ 26

ನನ್ನ ಬಂಗಾರದ ಮೂಗುಬೊಟ್ಟೇ!

ಏನು ಘಮ, ಏನು ಘಮ! ಪೊಟ್ಟಣ ಬಂದು ಮೂರು ದಿನವಾಯಿತು, ನಾನಿನ್ನೂ ಬಿಚ್ಚಿಲ್ಲ. ಬಿಚ್ಚಿದರೆ ಹಾರಿಹೋಗುತ್ತದಲ್ಲ! ಕಾಗದದ ಮೇಲಿಂದಲೇ ಮೂಸುತ್ತಿದ್ದೇನೆ. ನೀನು ಬರೆದದ್ದು ಅಕ್ಷರಕ್ಕೆ ಅಕ್ಷರ ಸರಿ: ಮೊದಲು ಸಿಹಿ, ಒಳಗೆ ಚೂರು ಕಹಿ, ಕೊನೆಗೆ ಅಕ್ಕನ ದಿಂಬಿನ ಚೀಲ. ಹಗಲು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುತ್ತೇನೆ, ಮಲಗುವಾಗ ದಿಂಬಿನ ಕೆಳಗೆ.

ನಾನೊಬ್ಬನೇ ಅಲ್ಲ, ಅದರ ಪ್ರಭಾವ ಎಲ್ಲರ ಮೇಲೂ ಆಗಿದೆ. ನಮ್ಮ ಬೀದಿಯ ಅಂಚೆಯವಳು ಅದನ್ನು ಕೊಡುವಾಗ ಎರಡೇ ಬೆರಳಲ್ಲಿ ಹಿಡಿದು, ತೋಳು ಚಾಚಿ, ಮುಖವನ್ನು ಆಚೆ ತಿರುಗಿಸಿ ಕೊಟ್ಟಳು. ಹೂವಿಗೆ ಎಷ್ಟು ಮರ್ಯಾದೆ ನೋಡು! ಪ್ರೆಸ್ಸಿನಲ್ಲಿ ನಾನು ಒಳಗೆ ಕಾಲಿಟ್ಟೊಡನೆ ಯಜಮಾನಿ ಎದ್ದು ಎಲ್ಲ ಕಿಟಕಿಗಳನ್ನೂ ತಾವೇ ತೆಗೆದರು. ಮೊಳೆ ಜೋಡಿಸುವವನು ಕರವಸ್ತ್ರ ಹಿಡಿದುಕೊಂಡು, "ಸಾರ್, ಏನೋ ವಾಸನೆ ಬರ್ತಾ ಇದೆಯಲ್ಲ" ಎಂದ. ಜೇಬು ತಟ್ಟಿ, "ನಿಂಬೆ ಹೂವಪ್ಪಾ, ನನ್ನ ಅಕ್ಕನ ಮಗಳು ಕಳಿಸಿದ್ದು!" ಎಂದೆ. ಅವನು ಎರಡು ನಿಮಿಷ ನನ್ನ ಮುಖವನ್ನೇ ನೋಡಿ, "ಓಹೋ... ಹೌದು ಸಾರ್, ನೀವು ಹೇಳಿದ ಮೇಲೆ ಹೌದು" ಎಂದ. ಬೈಂಡಿಂಗ್ ಹೆಂಗಸರೆಲ್ಲ ಎದ್ದು ಹಿತ್ತಲಿಗೆ ಹೋಗಿ ಕೂತರು. ವಸಂತ ಬಂದರೆ ಹಾಗೇ, ಯಾರಿಗೂ ಒಳಗೆ ಕೂರಲು ಮನಸ್ಸಾಗುವುದಿಲ್ಲ.

ಎಲ್ಲಕ್ಕಿಂತ ಅಚ್ಚರಿ ಬೆಕ್ಕುಗಳದ್ದು. ನನ್ನ ಮಲಗುವ ಕೋಣೆಯ ಕಿಟಕಿಯ ಕೆಳಗೆ ಏಳು ಬೆಕ್ಕು! ಬೆಕ್ಕಿಗೂ ನಿಂಬೆ ಹೂವಿನ ರುಚಿ ಇದೆಯೆಂದು ಯಾವ ಕವಿಯೂ ಬರೆದದ್ದು ನಾನು ಕಾಣೆ. ಕೂಡಲೇ ಬರೆದೆ:

ಕಿಟಕಿಯ ಕೆಳಗೆ ಏಳು ಬೆಕ್ಕು,
ಏಳಕ್ಕೂ ಎತ್ತಿದ ಮೂಗು.
ನಿಂಬೆ ಹೂವೇ,
ನಿನಗೆ ಬೆಕ್ಕೂ ಒಲಿಯಿತೇ!

ಮೂವತ್ತೊಂದು ಪದ್ಯ ಮುಗಿಯಿತು. ಅರ್ಧ ದಾರಿ ದಾಟಿದೆ!

ಇತಿ, ತೇಲಾಡುತ್ತಿರುವ ನಿನ್ನ ಮಾವ


ಮಾರ್ಚ್ 2

ಮಾವ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ. ಐದನೆಯದು ಹೇಗೆ ಬಂದರೆ ಹಾಗೆ ಕಳಿಸಿಬಿಡುತ್ತೇನೆ.

ಮೊನ್ನೆ ನಮ್ಮ ಗಿರಾಕಿ, ಒಬ್ಬ ಟೀಚರಮ್ಮ, ನಗುತ್ತಾ ಬಂದರು. "ಏನಮ್ಮ ನಿಮ್ಮ ಗೊಬ್ಬರ, ಗುಲಾಬಿ ಬುಡಕ್ಕೆ ಹಾಕಿದ್ರೆ ಮನೆಯೆಲ್ಲಾ ನಿಂಬೆ ಹೂವಿನ ಘಮ!" ಅಂದರು. ನಾವು ಹೊಸ ಗೊಬ್ಬರದ ಮಾದರಿಯನ್ನು ಅಂಥದೇ ಕಂದು ಪೊಟ್ಟಣದಲ್ಲಿ ಪಿನ್ನು ಹೊಡೆದು ಎಲ್ಲರಿಗೂ ಕೊಡುತ್ತೇವೆ. ಅವತ್ತು ಲಾರಿಯ ಗಡಿಬಿಡಿಯಲ್ಲಿ ನಿಮ್ಮ ಪೊಟ್ಟಣ ಅವರಿಗೆ ಹೋಗಿದೆ, ಅವರದ್ದು ನಿಮಗೆ ಬಂದಿದೆ.

ಮಾವ, ನಿಮ್ಮ ಜೇಬಿನಲ್ಲಿ, ದಿಂಬಿನ ಕೆಳಗೆ ಇರುವುದು ಒಣ ಮೀನಿನ ಗೊಬ್ಬರ.

ನಿಮ್ಮ ಕಾಗದ ಓದಿ ಮೊದಲು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆ ಏಳು ಬೆಕ್ಕು! ಆಮೇಲೆ ಇನ್ನೊಂದು ಸಲ ಓದಿದೆ. ಆಗ ನಗು ಬರಲಿಲ್ಲ. ಆ ಪೊಟ್ಟಣ ಮೂಸಿದರೆ ನಾವೆಲ್ಲ ಮಾರು ದೂರ ಹಾರುತ್ತೇವೆ. ನೀವು ಅದರಲ್ಲಿ ಅಮ್ಮನ ದಿಂಬಿನ ಚೀಲ ಮೂಸಿದಿರಿ. ಅಲ್ಲ, ಮೂಸಿದೆನೆಂದು ಬರೆದಿರಿ.

ಯಾವಾಗಿನಿಂದ ಮಾವ? ನಿಮಗೆ ಮಂಡಿನೋವಿಲ್ಲ, ಅಲ್ಲವೇ? ಡಿಸೆಂಬರಿನಲ್ಲಿ ಜ್ವರ ಬಂದಿತ್ತಲ್ಲ, ಆವಾಗಿನಿಂದಲೇ? ನನಗೆ ಯಾಕೆ ಹೇಳಲಿಲ್ಲ?

ನಿಮ್ಮ ಮೂಗುಬೊಟ್ಟು


ಮಾರ್ಚ್ 9

ಮಾವ, ಒಂದು ವಾರವಾಯಿತು. ಬೈದಾದರೂ ಬರೆಯಿರಿ. ಬೈಗುಳಕ್ಕೆ ಅಂಚೆ ಚೀಟಿ ಬೇಕೆಂದು ಇದರೊಳಗೆ ಒಂದು ಇಟ್ಟಿದ್ದೇನೆ.


ಮಾರ್ಚ್ 12

ಮಹಾರಾಯಿತಿ,

ಬೈಯುತ್ತೇನೆ, ಕೇಳಿಸಿಕೋ. ಹೆತ್ತ ಮಗಳಿಗಿಂತ ಹೆಚ್ಚಾಗಿ ಸಾಕಿದವನಿಗೆ ಮೀನಿನ ಗೊಬ್ಬರ ಕಳಿಸಿ ವಾರವಿಡೀ ಪ್ರೆಸ್ಸಿನ ತುಂಬಾ ಮೆರವಣಿಗೆ ಮಾಡಿಸಿದೆಯಲ್ಲ! ಮೂಗಿಗಿಂತ ಮೂಗುತಿ ಭಾರ ಎನ್ನುವುದು ಇದಕ್ಕೇ! ಆ ಯಜಮಾನಿ ಕಿಟಕಿ ತೆಗೆದದ್ದು, ಅಂಚೆಯವಳು ಮುಖ ತಿರುಗಿಸಿದ್ದು, ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ಹತ್ತೊಂಬತ್ತು ವರ್ಷ ಎಲ್ಲರ ತಪ್ಪಿಗೂ ಕೆಂಪು ಗೆರೆ ಎಳೆದವನಿಗೆ 'ಸಾರ್, ಅದು ಮೀನು' ಎಂದು ಹೇಳುವ ಧೈರ್ಯ ಒಬ್ಬರಿಗೂ ಬರಲಿಲ್ಲ. ಅದು ನನ್ನದೇ ಕರ್ಮ.

ಬೈದಾಯಿತು. ಈಗ ನಿಜ ಹೇಳುತ್ತೇನೆ.

ಹೌದು, ಡಿಸೆಂಬರಿನ ಜ್ವರ. ಜ್ವರ ಬಿಟ್ಟ ಬೆಳಗ್ಗೆ ಕಾಫಿ ಮಾಡಿಕೊಂಡೆ, ಬಿಸಿನೀರು ಕುಡಿದ ಹಾಗಾಯಿತು. ಪುಡಿ ಕಡಿಮೆಯಾಯಿತೇನೋ ಎಂದು ಇನ್ನೆರಡು ಚಮಚ ಹಾಕಿದೆ. ಬರೀ ಕಹಿ. ನೆಗಡಿ ಕಟ್ಟಿದೆ, ಬಿಡುತ್ತದೆ ಎಂದುಕೊಂಡೆ. ಮೂಗಿರುವ ತನಕ ನೆಗಡಿ ತಪ್ಪೀತೇ? ಜನವರಿಯಲ್ಲಿ ಒಂದು ದಿನ ಒಲೆಯ ಮೇಲೆ ಹಾಲಿಟ್ಟು ಪಕ್ಕದ ಕುರ್ಚಿಯಲ್ಲೇ ಕರಡು ನೋಡುತ್ತಾ ಕೂತಿದ್ದೆ. ತಲೆಯೆತ್ತಿದರೆ ಅಡಿಗೆಮನೆ ತುಂಬಾ ಹೊಗೆ, ಪಾತ್ರೆ ಕರಕಲು. ಕಣ್ಣು ಉರಿಯುವವರೆಗೂ ನನಗೆ ಗೊತ್ತೇ ಆಗಿರಲಿಲ್ಲ. ಅವತ್ತು ಹೆದರಿದೆ ಮಗೂ.

ಇನ್ನೊಂದು ಸುಳ್ಳನ್ನೂ ಹೇಳಿಬಿಡುತ್ತೇನೆ. ನಿನ್ನಮ್ಮನ ಮರ ಮುನಿಸಿಕೊಂಡಿಲ್ಲ. ನಾನು ಹಾಗೆ ಬರೆದಾಗ ಅದು ಹೂ ಬಿಟ್ಟು ಹದಿನೈದು ದಿನವಾಗಿತ್ತು. ಮರದ ತುಂಬಾ ಹೂ. ಕೆಳಗೆ ನಿಂತು ಮೂಸಿದೆ, ಕೊಂಬೆ ಬಗ್ಗಿಸಿ ಹೂವಿನೊಳಗೆ ಮೂಗಿಟ್ಟು ಮೂಸಿದೆ. ಗೋಡೆಗೆ ಅಂಟಿಸಿದ ಚಿತ್ರವನ್ನು ಮೂಸಿದ ಹಾಗಿತ್ತು. ಅಕ್ಕ ಹೋದ ಮೇಲೆ ಪ್ರತಿ ವರ್ಷ ಹೂ ಇರುವಷ್ಟು ದಿನ ಅವಳು ಗೇಟಿನ ಹತ್ತಿರ ನಿಂತಿದ್ದಾಳೆ ಎನ್ನಿಸುತ್ತಿತ್ತು. ಈ ವರ್ಷ ಅವಳು ಬರಲಿಲ್ಲ. ನಿನಗೆ ಹೇಗೆ ಹೇಳಲಿ?

ಯಜಮಾನಿಗೆ ಇಷ್ಟರಲ್ಲೇ ಎಲ್ಲವನ್ನೂ ಹೇಳಿ ಪುಸ್ತಕ ನಿಲ್ಲಿಸಿಬಿಡುತ್ತೇನೆ. ಎರಡು ಸಾವಿರ ಮುಖಪುಟ ರದ್ದಿಗೆ ಹೋಗಲಿ. ಆ ಮೂವತ್ತೊಂದು ಪದ್ಯ ಕಂಡವರ ಮೂಗಿನಲ್ಲಿ ಬರೆದವು, ಅವು ನನ್ನವಲ್ಲ. ಮೂಗಿಲ್ಲದವನು 'ಘಮ' ಎಂದು ಪುಸ್ತಕ ಮಾಡಿದರೆ ಅದು ಮೋಸ. ಇನ್ನು ಬರೆಯುವುದಿಲ್ಲ. ಕರಡು ತಿದ್ದಿಕೊಂಡು ಇರುತ್ತೇನೆ, ಅದಕ್ಕೆ ಕಣ್ಣು ಸಾಕು.

ನಿನ್ನ ಮಾವ


ಮಾರ್ಚ್ 14

ಮಾವ,

ಪ್ರೆಸ್ಸಿನವರು ನಿಮಗೆ ಹೆದರುತ್ತಾರೆ, ನಾನು ಹೆದರುವುದಿಲ್ಲ. ಇವತ್ತು ನನ್ನ ಕೈಯಲ್ಲಿ ಕೆಂಪು ಶಾಯಿ ಇದೆ.

ಪುಸ್ತಕ ನಿಲ್ಲಿಸಕೂಡದು. ಮೂಗು ಹೋದರೆ ಹೋಗಲಿ, ಕಣ್ಣಿಗೇನಾಗಿದೆ? ಆ ಬೆಕ್ಕಿನ ಪದ್ಯ ಬರೆದವರು ಯಾರು? ನಾನೇ? ಬೆಕ್ಕಿನ ವಿಷಯ ನನ್ನ ಪಟ್ಟಿಯಲ್ಲಿ ಇರಲೇ ಇಲ್ಲ! ನೀವು ಕಿಟಕಿಯಿಂದ ನೋಡಿದಿರಿ, ಬರೆದಿರಿ. ವಾಸನೆ ನಿಮಗೆ ಬರಲಿಲ್ಲ, ಬೆಕ್ಕಿಗೆ ಬಂತು. ಬೆಕ್ಕಿನ ಮೂಗನ್ನು ನೋಡಿ ನನಗೂ ಬಂತು. ಅದರಲ್ಲಿ 'ನಿಂಬೆ ಹೂವು' ಎನ್ನುವುದೊಂದೇ ಸುಳ್ಳು. ಅದನ್ನು ಬದಲಾಯಿಸಿ, ಮೀನು ಅನ್ನಿ. ನೀವು ನನಗೆ ಕಳಿಸಿದವುಗಳಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿದೆ, ಆಣೆಗೂ.

ಅಮ್ಮನ ಮರದಲ್ಲಿ ಇನ್ನೂ ಹೂವಿದೆಯಷ್ಟೇ? ಈ ಕಾಗದ ಕೈಸೇರಿದ ಸಂಜೆಯೇ ಒಂದು ಕುರ್ಚಿ ಹಾಕಿಕೊಂಡು ಅದರ ಕೆಳಗೆ ಕೂರಿ. ಮರವನ್ನು ಮೂಸಬೇಡಿ. ಬೀದಿಯಲ್ಲಿ ಹೋಗುವವರ ಮುಖ ನೋಡಿ. ಅಷ್ಟೇ ಮಾಡಿ ಸಾಕು.

ಮತ್ತೆ ಮೂಗಿನ ಡಾಕ್ಟರ ಹತ್ತಿರ ಹೋಗಿ. ನೀವು ಹೋಗಿರುವುದಿಲ್ಲ ಎಂದು ನನಗೆ ಗೊತ್ತು. ಹೋಗದಿದ್ದರೆ ಕೆಲಸಕ್ಕೆ ರಜೆ ಹಾಕಿ ಬಂದು ಕಿವಿ ಹಿಡಿದು ಕರೆದುಕೊಂಡು ಹೋಗುತ್ತೇನೆ. ನಮ್ಮ ಟೀಚರಮ್ಮನ ತಮ್ಮನಿಗೂ ಹೀಗೇ ಆಗಿತ್ತಂತೆ, ಡಾಕ್ಟರು ದಿನಾ ಮೂಸುವ ಅಭ್ಯಾಸ ಮಾಡಿಸಿದರಂತೆ. ಅದಕ್ಕೆಂದು ನಾಲ್ಕು ಪೊಟ್ಟಣ ಇಟ್ಟಿದ್ದೇನೆ: ಗುಲಾಬಿ, ಪುದೀನ, ಲವಂಗ, ನಿಂಬೆ ಹೂವು. ಈ ಸಲ ಒಂದೊಂದನ್ನೂ ಮೂರು ಜನಕ್ಕೆ ಮೂಸಿಸಿ ಆಮೇಲೆ ಪಿನ್ನು ಹೊಡೆದಿದ್ದೇನೆ.

ನಿಮ್ಮ ಮೂಗುಬೊಟ್ಟು


ಮಾರ್ಚ್ 21

ಮೂಗುಬೊಟ್ಟೇ, ನನ್ನ ತಾಯೀ,

ಎಲ್ಲಿಂದ ಶುರು ಮಾಡಲಿ? ಕೂತೆ! ನೀನು ಹೇಳಿದ ಹಾಗೆಯೇ ಕೂತೆ! ಮೊದಲನೇ ದಿನ ಅರ್ಧ ಗಂಟೆ ಸಿಡುಕಿಕೊಂಡೇ ಕೂತಿದ್ದೆ. ಆಮೇಲೆ ಅಂಚೆಯವಳು ಬಂದಳು. ಅವಳು ನಡೆಯುವವಳಲ್ಲ, ಓಡುವವಳು, ಗೊತ್ತಲ್ಲ. ಗೇಟಿನ ಹತ್ತಿರ ಬಂದವಳು ನಿಂತಳು. ಕಣ್ಣು ತಾನಾಗಿ ಮುಚ್ಚಿತು. ಹೆಗಲು ಇಳಿಯಿತು. ನಾನು ಕೂತಿರುವುದನ್ನು ಅವಳು ನೋಡಿರಲಿಲ್ಲ. ಉಸಿರು ಒಳಗೆ ಹೋಗಿದ್ದನ್ನು ನಾನು ಕಣ್ಣಾರೆ ಕಂಡೆ ಮಗೂ!

ಓಡುತ್ತಿದ್ದಳು ಅಂಚೆಯವಳು.
ಗೇಟಿನ ಬಳಿ ಒಂದು ಉಸಿರು
ಉದ್ದವಾಯಿತು.
ಕಾಗದಗಳೆಲ್ಲ ಒಂದು ನಿಮಿಷ ತಡ.

ಆಮೇಲೆ ಸಂಜೆಗೊಬ್ಬರಲ್ಲ, ಸಾಲು ಸಾಲು! ಸೈಕಲ್ ರಿಪೇರಿಯವನು ಸುಮ್ಮಸುಮ್ಮನೆ ಬೆಲ್ ಬಾರಿಸಿದ. ಅಳುತ್ತಿದ್ದ ಕೂಸೊಂದು ಅಜ್ಜಿಯ ಹೆಗಲ ಮೇಲೆ ಬಾಯಿ ತೆರೆದುಕೊಂಡೇ ಅಳು ನಿಲ್ಲಿಸಿತು. ಇನ್ನು ಇವರು, ದಿನಾ ಇದೇ ದಾರಿಯಲ್ಲಿ ಜಗಳವಾಡಿಕೊಂಡು ಹೋಗುವವರು:

ಜಗಳವಾಡುತ್ತಾ ಬಂದ ಗಂಡ ಹೆಂಡತಿ
ಮರದ ಕೆಳಗೆ ಮಾತು ಮರೆತರು.
ಮೂಲೆ ತಿರುಗಿದ ಮೇಲೆ
ಮತ್ತೆ ಮೊದಲಿನಿಂದ.

ಆರು ಸಂಜೆಯಲ್ಲಿ ಇಪ್ಪತ್ತೇಳು ಪದ್ಯ! ಯಜಮಾನಿಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿಸಿಕೊಂಡು, "ವಾರವೆಲ್ಲಾ ಜೇಬಲ್ಲಿ ಮೀನು ಇಟ್ಕೊಂಡು ಓಡಾಡಿದ್ರಲ್ಲ ಸಾರ್, ಆವಾಗ್ಲೇ ನಮಗೆಲ್ಲಾ ಗೊತ್ತಾಯ್ತು. ನೀವೇ ಹೇಳ್ತೀರಿ ಅಂತ ಕಾಯ್ತಾ ಇದ್ವಿ" ಎಂದರು. ಆಮೇಲೆ ಹೊಸ ಪದ್ಯಗಳನ್ನು ಓದಿದರು. ಓದಿ ಎದ್ದು ಹೋಗಿ ಮುಖ ತೊಳೆದುಕೊಂಡು ಬಂದರು. ಮುಖಪುಟ ಬದಲಾಯಿಸುವುದು ಬೇಡವಂತೆ. 'ಘಮ' ಎಂದೇ ಇರಲಿ ಎಂದರು.

ಡಾಕ್ಟರ ಹತ್ತಿರವೂ ಹೋದೆ, ಕಿವಿ ಹಿಡಿಯಲು ಬರಬೇಡ. "ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ. ಎರಡು ಹೊತ್ತು ಮೂಸಿ, ಮೂಸುವಾಗ ಹಳೇ ನೆನಪು ಮಾಡ್ಕೊಳ್ಳಿ" ಎಂದರು. ನಿನ್ನ ನಾಲ್ಕನ್ನೂ ಮೂಸುತ್ತಿದ್ದೇನೆ. ಐದನೆಯದಾಗಿ ಆ ಮೀನನ್ನೂ ಡಬ್ಬಿಯಲ್ಲಿ ಹಾಕಿಟ್ಟಿದ್ದೇನೆ. ಆನೆಯಂಥ ನಾತವೇ ನುಗ್ಗದ ಮೂಗಿಗೆ ಇರುವೆಯಂಥ ಘಮ ಎಲ್ಲಿಂದ ಬಂದೀತು? ಮುಚ್ಚಳ ತೆಗೆದರೆ ಸಾಕು, ಬೆಕ್ಕುಗಳು ಗಡಿಯಾರಕ್ಕಿಂತ ಸರಿಯಾಗಿ ಹಾಜರಾಗುತ್ತವೆ. ನನಗೆ ಮಾತ್ರ ಇನ್ನೂ ಏನೂ ಇಲ್ಲ.

ಕೊನೆಯ ಮಾತು. ಐವತ್ತೆಂಟನೆಯ ಪದ್ಯ ಇದು:

ಮೂಗು ಮುಚ್ಚಿದ ಮನೆಯಲ್ಲಿ
ಮಲ್ಲಿಗೆಗೂ ಕಾಗದದ ಹೂವಿಗೂ ಒಂದೇ ಮಣೆ.
ಕಾಗದದ ಹೂವೇ, ಈಗ ಹೇಳು,
ನಿನ್ನ ಘಮ ಎಂಥದು?

ಹದಿನೈದು ವರ್ಷದ ಒಬ್ಬ ಹುಡುಗಿ ಇದನ್ನೇ ಕೇಳಿದ್ದಳು. ಅವಳಿಗೆ ಆಗಷ್ಟೇ ಅಮ್ಮ ಹೋಗಿದ್ದಳು, ಅಡ್ಡಗೆರೆ ಎಳೆಯುವಾಗ ನಾನು ಅದನ್ನು ಯೋಚಿಸಲಿಲ್ಲ. ವಾಸನೆ ಇಲ್ಲದ್ದಕ್ಕೂ ವಾಸನೆ ಬೇಕು ಎನ್ನಿಸುವುದು ಹೇಗಿರುತ್ತದೆಂದು ಆಗ ನನಗೆ ಗೊತ್ತಿರಲಿಲ್ಲ. ತಪ್ಪಾಯಿತು ಮಗೂ. ಐವತ್ತೊಂಬತ್ತನೆಯ ಪುಟ ಖಾಲಿ ಬಿಟ್ಟಿದ್ದೇನೆ. ಅದು ನಿನ್ನದು.

ಇತಿ, ನಿನ್ನ ಮಾವ


ಮಾರ್ಚ್ 24

ಮಾವ,

ನಿಮ್ಮ ಕಾಗದವನ್ನು ಕಸಿ ಕಟ್ಟುವ ಬೆಂಚಿನ ಮೇಲೆ ಕೂತು ಓದಿದೆ. ಓದಿ ಅತ್ತೆ. ಯಜಮಾನರು "ಚಾಕು ತಾಗಿತೇನಮ್ಮ?" ಎಂದು ಕೇಳಿದರು. ಹೌದು ಅಂದುಬಿಟ್ಟೆ.

ಹದಿನಾಲ್ಕು ವರ್ಷವಾಯಿತು ಮಾವ, ನಾನು ಒಂದು ಸಾಲು ಬರೆದು. ಇಡೀ ಭಾನುವಾರ ಹಾಳು ಮಾಡಿಕೊಂಡು ಇಷ್ಟು ಬರೆದಿದ್ದೇನೆ. ಪದ್ಯದಲ್ಲಿ ನಿಮಗೆ ಏಕವಚನ ಹಾಕಿದ್ದೇನೆ, ಬೈಯಬೇಡಿ. ಕೆಂಪು ಶಾಯಿ ತಾಗಿಸಿದರೆ ಜೋಕೆ, ನನ್ನ ಹತ್ತಿರ ಇನ್ನೂ ಒಂದು ಚೀಲ ಮೀನಿನ ಗೊಬ್ಬರ ಇದೆ.

ಅಮ್ಮ ನೆಟ್ಟ ನಿಂಬೆಯ ಕೆಳಗೆ
ಮಾವ ಸುಮ್ಮನೆ ಕೂತಿದ್ದಾನೆ.
ದಾರಿಹೋಕರು ಒಬ್ಬೊಬ್ಬರಾಗಿ
ಅವನಿಗಾಗಿ ಉಸಿರೆಳೆದುಕೊಳ್ಳುತ್ತಾರೆ.

ಅರವತ್ತನೆಯದು ಬರೆದಾಯಿತೇ? ನಾಲ್ಕೇ ದಿನ ಉಳಿದಿದೆ.

ನಿಮ್ಮ ಮೂಗುಬೊಟ್ಟು


ಮಾರ್ಚ್ 27

ನಾರುತ್ತಿದೆ! ಮಗೂ, ನಾರುತ್ತಿದೆ!

ಇವತ್ತು ಬೆಳಗ್ಗೆ ಎಂದಿನಂತೆ ಗುಲಾಬಿ ಮೂಸಿದೆ, ಏನಿಲ್ಲ. ಪುದೀನ, ಏನಿಲ್ಲ. ಲವಂಗ, ಏನಿಲ್ಲ. ನಿಂಬೆ ಹೂವನ್ನು ಮೂಸಿ ಅಕ್ಕನನ್ನು ನೆನೆದೆ, ಏನಿಲ್ಲ. ಬೇಸರದಲ್ಲಿ ಮೀನಿನ ಡಬ್ಬಿಯ ಮುಚ್ಚಳ ತೆಗೆದೆ. ಮೂಗಿನ ಎಲ್ಲೋ ಒಳಮೂಲೆಯಲ್ಲಿ ಯಾರೋ ಗೀರಿದ ಹಾಗಾಯಿತು. ಇನ್ನೊಂದು ಸಲ ಎಳೆದೆ. ಅಯ್ಯಯ್ಯೋ! ಕೊಳೆತ, ಹಳಸಿದ, ಹೊಟ್ಟೆ ತೊಳಸುವ, ಅಸಹ್ಯವಾದ ನಾತ! ಇದನ್ನೇ ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದೆನೇ! ಕುರ್ಚಿ ಬಿದ್ದಿತು, ನಾನು ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಬಾಯಿ ತೊಳೆದು ಓಡಿಬಂದು ಮತ್ತೆ ಮೂಸಿದೆ. ಬೆಕ್ಕುಗಳಿಗೆ ಹೇಳಿದೆ, ಅಂಚೆಯವಳಿಗೆ ಹೇಳಿದೆ. ಡಬ್ಬಿ ಹಿಡಿದುಕೊಂಡು ಚಪ್ಪಲಿ ಮರೆತು ಪ್ರೆಸ್ಸಿಗೆ ಓಡಿದೆ. ಈ ಸಲ ಬೈಂಡಿಂಗ್ ಹೆಂಗಸರು ಹಿತ್ತಲಿಗೆ ಹೋಗಲಿಲ್ಲ. ಮೂಗು ಮುಚ್ಚಿಕೊಂಡು ನನ್ನ ಸುತ್ತ ನಿಂತು ನಕ್ಕರು, ಮೊಳೆ ಜೋಡಿಸುವವನು ಕಣ್ಣೊರೆಸಿಕೊಂಡು, "ಸಾರ್, ಈಗ ಹೇಳಬಹುದಾ? ಅದು ಮೀನು" ಎಂದ.

ನಿನ್ನ ಪದ್ಯವನ್ನು ಅವನ ಕೈಗೆ ನಾನೇ ಕೊಟ್ಟೆ. ಕೆಂಪು ಶಾಯಿಯ ಬಾಟಲಿ ಅಲ್ಲೇ ಇತ್ತು, ಮುಚ್ಚಳ ತೆಗೆಯಲಿಲ್ಲ. ಒಂದು ಅಕ್ಷರವನ್ನೂ ಮುಟ್ಟಲಿಲ್ಲ.

ನಿಂಬೆ ಇನ್ನೂ ಬಂದಿಲ್ಲ. ಪ್ರೆಸ್ಸಿಗೆ ಹೊರಡುವಾಗ ಗೇಟಿನ ಬಳಿ ಮರದ ಕೆಳಗೆ ನಿಂತು ನೋಡಿದೆ. ಉಳಿದದ್ದು ನಾಲ್ಕೋ ಐದೋ ಹೂವು, ಅವು ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ. ಈ ವರ್ಷ ಬರಬಹುದು, ಬರದೆಯೂ ಇರಬಹುದು. ಭಾನುವಾರ ನೀನಂತೂ ಬಾ. ಇಬ್ಬರೂ ಅಲ್ಲೇ ಕೂರೋಣ, ನಿನ್ನ ಮುಖ ನೋಡುತ್ತೇನೆ.

ಪ್ರೆಸ್ಸಿನ ಮೇಜಿನ ಮೇಲೆಯೇ ಅರವತ್ತನೆಯದನ್ನು ಬರೆದೆ:

ಕೊನೆಯ ದಿನ
ಮೂಗಿನ ಬಾಗಿಲು ತಟ್ಟಿದವರಾರು?
ಹೂವಲ್ಲ, ಗೊಬ್ಬರ.
ಬಾ ಒಳಗೆ, ನೀನೇ ವಸಂತ.

ಯಂತ್ರ ಓಡುತ್ತಿದೆ, ಮೇಜು ಅದುರಿ ಅಕ್ಷರ ಸೊಟ್ಟಗಾಗುತ್ತಿದೆ. ಡಬ್ಬಿಯಲ್ಲಿ ಕೈಯಾಡಿಸಿ ಹಾಗೆಯೇ ಬರೆಯಲು ಕೂತಿದ್ದೇನೆ, ಈ ಹಾಳೆಗೂ ಒಂದಿಷ್ಟು ಅಂಟಿರಬೇಕು. ಉತ್ತರಕ್ಕೆ ಅವಸರವಿಲ್ಲ. ಮೊದಲು ಮೂಸು, ಆಮೇಲೆ ಬರೆ.

ನಿನ್ನ ಮಾವ